ಯಾರೂ ಇಲ್ಲದ ದೋಣಿ

ದಿನವೂ ಓದಿ ಹೇಳುತ್ತಿದ್ದ ಗಂಡ ತೀರಿಕೊಂಡ ಮೇಲೆ ಮುದುಕಿಗೆ ಪುಸ್ತಕ ಓದಿ ಹೇಳುವ ಕೆಲಸ ಸೊಸೆಯ ಪಾಲಿಗೆ ಬಂತು. ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಹೊಲಿದು ಮುದುಕಿಯ ಕಣ್ಣು ಎಂದೋ ಮಬ್ಬಾಗಿತ್ತು. ಕಿವಿ ಮಾತ್ರ ಬಲು ಚುರುಕು. ಎರಡು ಹಾಳೆ ಒಟ್ಟಿಗೆ ಮಗುಚಿದರೆ ಸದ್ದಿನಲ್ಲೇ ಹಿಡಿಯುತ್ತಿದ್ದಳು.

ಆ ಸಂಜೆ ಸೊಸೆ ಓದುತ್ತಿದ್ದುದು ಇಂಗ್ಲಿಷರ ನಾಡಿನ ಬಹು ಹಿಂದಿನ ಕಥೆಗಳನ್ನು ಕನ್ನಡಕ್ಕೆ ಇಳಿಸಿದ ಒಂದು ಪುಸ್ತಕ. ಅರಸನ ಊರಿನಲ್ಲಿ ಒಲೆಗಳೆಲ್ಲ ಆರಿಹೋಗಿವೆ. ಅವನ ಪುಟ್ಟ ಮಗಳು ಮಂಜಿನಲ್ಲಿ ದೋಣಿ ಹತ್ತಿ ಆಚೆ ದಡದಿಂದ ಕೆಂಡ ತರಲು ಹೊರಡುತ್ತಾಳೆ.

"ಬೆಳಗಾದಾಗ ದೋಣಿ ಬಂತು. ಅದರಲ್ಲಿ ಯಾರೂ ಇರಲಿಲ್ಲ," ಎಂದು ಸೊಸೆ ಓದಿದಳು.

"ತಡಿ. ಕೆಂಡದ ಮಡಕೆ ಎಲ್ಲಿ?"

"ಯಾವ ಮಡಕೆ ಅತ್ತೆ?"

"ಹುಡುಗಿ ತೊಡೆ ಮೇಲೆ ಇಟ್ಕೊಂಡು ಬರ್ತಾಳಲ್ಲ, ಅದು. ಅಂಗೈ ಸುಟ್ಟಿರುತ್ತೆ, ಆದ್ರೂ ನಗ್ತಿರ್ತಾಳೆ. ನಿಮ್ಮ ಮಾವ ಎಷ್ಟು ಸಲ ಓದಿಲ್ಲ."

"ಇಲ್ಲಿ ಹಾಗಿಲ್ಲ."

"ಇಲ್ದೆ ಎಲ್ಲಿ ಹೋಗುತ್ತೆ? ಇಲಿ ತಿಂತಾ? ಒಲೆ ಮೇಲೆ ಹಾಲಿಟ್ಟು ಬಂದವಳ ಹಾಗೆ ಓದಿದ್ರೆ ಹೀಗೇ. ಸಾಕು, ಮುಚ್ಚಿಡು."

ಸೊಸೆ ಪುಸ್ತಕ ಮುಚ್ಚಿಟ್ಟು ಒಳಗೆ ಹೋದಳು. ವಾದಿಸದೆ ಎದ್ದುಹೋದದ್ದೇ ಮುದುಕಿಗೆ ಸಾಕ್ಷಿಯಾಯಿತು. ತನ್ನ ಒಬ್ಬಳೇ ಮಗಳು ಆರನೆಯ ವಯಸ್ಸಿಗೆ ಜ್ವರದಲ್ಲಿ ಹೋದದ್ದು ಈ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಬೇಕೆಂದೇ ಚುಚ್ಚಿದಳೋ? ಮರುದಿನ ಮುದುಕಿ ಒಂದು ಕಾದಂಬರಿ ಓದಿಸಿದಳು. ಅಲ್ಲಿಯೂ, ಗಂಡ ಓದಿದಾಗ ಬದುಕುತ್ತಿದ್ದ ಹುಡುಗ ಸತ್ತ. ಅನುಮಾನ ಬೇರು ಬಿಟ್ಟಿತು. ಪದ್ಯದಲ್ಲಿ ಮಾತ್ರ ಸೊಸೆ ಸಿಕ್ಕಿಬೀಳಲಿಲ್ಲ. ಗಂಡ ಓದುತ್ತಿದ್ದ ಪದ್ಯಗಳು ಅಕ್ಷರ ತಪ್ಪದೆ ಬಂದವು. ಕಥೆಯಲ್ಲಿ ಸಾಲು ನುಂಗಿದರೆ ತಿಳಿಯದು, ಪದ್ಯದಲ್ಲಿ ನುಂಗಿದರೆ ನಡಿಗೆ ಕುಂಟುತ್ತದೆ. ಕಳ್ಳಿಗೆ ಅಷ್ಟು ಬುದ್ಧಿ ಇದೆ ಎಂದುಕೊಂಡಳು.

ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಒಂದು ಕೊಂಬು ತಪ್ಪಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಅಲ್ಲೇ ಅಕ್ಷರದ ಮೊಳೆ ಜೋಡಿಸುತ್ತಿದ್ದವನನ್ನು ಎಲ್ಲರೂ ಮೊಳೆಯಣ್ಣ ಎನ್ನುತ್ತಿದ್ದರು. ಸೊಸೆ ಕೆಲಸಕ್ಕೆ ಹೋದ ಹೊತ್ತು ನೋಡಿ ಮುದುಕಿ ಅವನನ್ನು ಕರೆಸಿದಳು.

"ನೀನಾದ್ರೂ ನಿಜ ಓದಪ್ಪ."

ಮೊಳೆಯಣ್ಣ ಕನ್ನಡಕ ಒರೆಸಿಕೊಂಡು ಓದಿದ. "ದೋಣಿ ಬಂತು. ಅದರಲ್ಲಿ ಯಾರೂ ಇರಲಿಲ್ಲ."

"ಅವಳು ಹೇಳ್ಕೊಟ್ಟಳಾ ನಿನಗೆ?"

"ಯಾರು ಹೇಳ್ಕೊಡಬೇಕಮ್ಮ, ಈ ಪುಟಕ್ಕೆ ಮೊಳೆ ಜೋಡಿಸಿದವನೇ ನಾನು. ಕರಡು ನೋಡಿದ್ದು ನಿಮ್ಮ ಯಜಮಾನ್ರು. ಈ ಸಾಲಿಗೆ ಬಂದವರು ಹಾಳೆ ಇಟ್ಟು ಹೊರಗೆ ಹೋಗಿ ನಿಂತ್ರು. ನಿಮ್ಮ ಹುಡುಗಿ ಹೋಗಿ ಹೆಚ್ಚು ದಿನ ಆಗಿರಲಿಲ್ಲ. ಆಮೇಲೆ ಬಂದು, 'ಅಚ್ಚಲ್ಲಿ ಇದ್ದ ಹಾಗೇ ಇರಲಿ, ಮನೇಲಿ ನಾನು ನೋಡ್ಕೋತೀನಿ' ಅಂದ್ರು. ಏನು ನೋಡ್ಕೋತಾರೋ, ಆಗ ನನಗೆ ತಿಳೀಲಿಲ್ಲ."

ಅವನು ಹೋದ ಮೇಲೆ ಅನುಮಾನ ಸೊಸೆಯನ್ನು ಬಿಟ್ಟು ಗಂಡನ ಬೆನ್ನು ಹತ್ತಿತು. ಕೊಂಬು ತಪ್ಪಲು ಬಿಡದವನು ಇಷ್ಟು ವರ್ಷ ಇಲ್ಲದ್ದನ್ನು ಓದಿದನೆ? ಸತ್ತವರನ್ನೆಲ್ಲ ದಡ ಸೇರಿಸಿದನೆ? ಸಾವಿನ ಪದ್ಯಗಳನ್ನು ಅವನು ಓದಿಯೇ ಇರಲಿಲ್ಲವೆಂದು ಈಗ ಹೊಳೆಯಿತು. ನಡಿಗೆ ಕೆಡಿಸದೆ ಸಾಲು ಬದಲಿಸಲು ಅಲ್ಲಿ ಅವನ ಕೈ ಓಡದು.

ಮುದುಕಿ ದೇವರ ಮುಂದೆ ಕೈ ಮುಗಿದು ಕುಳಿತಳು. ಮಗಳು ನಿನ್ನ ಮಡಿಲಲ್ಲಿ ಇದ್ದಾಳೆ ಎಂದು ದಿನವೂ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಕೈ ಇಳಿಸಿದಳು. ಅದನ್ನೂ ಮೊದಲು ಹೇಳಿಕೊಟ್ಟವನು ಅವನೇ.

ಸಂಜೆ ಸೊಸೆ ಚಪ್ಪಲಿ ಬಿಡುತ್ತ, "ಮೊಳೆಯಣ್ಣ ದಾರೀಲಿ ಸಿಕ್ಕಿದ್ರು," ಎಂದಳು. ಪುಸ್ತಕ ತೆಗೆದು ಓದತೊಡಗಿದಳು. "ಬೆಳಗಾದಾಗ ದೋಣಿ ಬಂತು. ಹುಡುಗಿಯ ತೊಡೆಯ ಮೇಲೆ ಕೆಂಡದ ಮಡಕೆ..."

"ನಿಲ್ಸು. ನಿನಗೂ ಅಂಟಿತಾ ಈ ರೋಗ? ಇದ್ದದ್ದನ್ನ ಓದು."

"ಅದರಲ್ಲಿ ಯಾರೂ ಇರಲಿಲ್ಲ."

ಮುದುಕಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮುಗೀತಾ?"

"ಇಲ್ಲ ಅತ್ತೆ. ಇನ್ನೂ ಒಂದು ಪುಟ ಇದೆ. ಮಾವ ಓದಿರಲಿಲ್ವಾ?"

ಓದಿರಲಿಲ್ಲ. ಹುಡುಗಿ ದಡ ಸೇರಿದ ಮೇಲೆ ಅವನು ಪ್ರತಿ ಸಲವೂ ಪುಸ್ತಕ ಮುಚ್ಚುತ್ತಿದ್ದ. ದೋಣಿ ಬರಿದಾಗಿ ಬಂದ ಮೇಲೆ ಆ ತಂದೆ ಏನು ಮಾಡಿದ, ತಾಯಿ ಹೇಗೆ ಬದುಕಿದಳು ಎಂಬುದು ಮುದುಕಿಗೆ ಈವರೆಗೆ ಗೊತ್ತೇ ಇರಲಿಲ್ಲ.

ಮುದುಕಿ ಸೊಸೆಯ ಹತ್ತಿರಕ್ಕೆ ಜರುಗಿ ಪುಸ್ತಕದ ಅಂಚಿನ ಮೇಲೆ ಕೈ ಇಟ್ಟಳು.

"ಓದು. ಎರಡು ಹಾಳೆ ಒಟ್ಟಿಗೆ ಮಗುಚಬೇಡ. ನನಗೆ ಕೇಳಿಸುತ್ತೆ."