ಬಸ್ತಾಕ್ಕೆ ಬಾರದ ಕುರ್ಚಿ

ತಾಳಿಕೋಟೆಯ ಬಜಾರದಲ್ಲಿ ಎಸ್‌ಟಿಡಿ ಬೂತಿನ ಮಗ್ಗುಲಿಗೆ ಸೈಕಲ್ ಅಂಗಡಿ ಇಟ್ಟಿದ್ದ ರಸೂಲಸಾಬನ ಹತ್ತಿರ ಒಂದು ಗಾಲಿ ಕುರ್ಚಿ ಇತ್ತು. ಹೆಂಡತಿ ಪೀರಬಿಗೆಂದು ತರಿಸಿದ್ದು. ಆಕೆ ತೀರಿಕೊಂಡ ಮೇಲೆ ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದ. ಅದನ್ನು ಆಸ್ಪತ್ರೆಗೆ ಒಯ್ದವರಿದ್ದರು, ಓಟು ಹಾಕಿಸಲು ಒಯ್ದವರೂ ಇದ್ದರು. ಸಂತೆ ಬಜಾರಕ್ಕೆ ಒಯ್ದವರು ಮಾತ್ರ ಒಬ್ಬರೂ ಇರಲಿಲ್ಲ. ಹಾಗಾಗಿ ಕಾಳಿನ ವ್ಯಾಪಾರಿ ಸಂಗಮೇಶ ಬಂದು, "ನಾಳೆ ನಮ್ಮವ್ವನ್ನ ಬಸ್ತಾಕ್ಕ ಕರ್ಕೊಂಡ ಹೋಗಬೇಕು, ಕುರ್ಚಿ ಬೇಕಾಗೇತಿ" ಅಂದಾಗ ರಸೂಲಸಾಬನ ಮುಖ ಅರಳಿತು.

"ಒಯ್ರಿ ಸಾಹುಕಾರ್ರ. ನಮ್ಮ ಪೀರಬಿನೂ ಇದ್ರಾಗ ಕುಂತ ಬಳಿ ಇಡಿಸ್ಕೊಳ್ಳಾಕ ಹೋಗ್ತಿದ್ಳು. ಗಾಲಿಗಿ ಎಣ್ಣಿ ಬಿಟ್ಟ ಇಡ್ತೇನಿ."

ಬಸ್ತಾ ಅಂದರೆ ಮದುವೆಯ ಜವಳಿ. ಎರಡೂ ಕಡೆಯ ಬೀಗರು ಒಂದೇ ಅಂಗಡಿಯ ಗಾದಿಯ ಮೇಲೆ ಕುಳಿತು, ಚಹಾ ಕುಡಿಯುತ್ತ, ಒಬ್ಬರ ಮನಸ್ಸು ಒಬ್ಬರು ಅಳೆಯುತ್ತ ಸೀರೆ ಆರಿಸುವ ದಿನ. ಮೊದಲ ಸೀರೆ ಮನೆದೇವರದು. ಅದನ್ನು ಮನೆಯ ಹಿರಿಯಳೇ ಎತ್ತಿಕೊಡಬೇಕು. ಸಂಗಮೇಶನ ತಾಯಿ ಗುರವ್ವ ಬಚ್ಚಲಲ್ಲಿ ಜಾರಿ ಟೊಂಕ ಮುರಿದುಕೊಂಡ ಮೇಲೆ ಹೊಸ್ತಿಲು ದಾಟಿರಲಿಲ್ಲ. ಆದರೆ ಇದು ಮೊಮ್ಮಗಳು ಭಾಗ್ಯಜ್ಯೋತಿಯ ಬಸ್ತಾ. ಹೊರಸಿನ ಮೇಲೆ ಕುಳಿತಲ್ಲೇ ಮುದುಕಿಯ ಮನಸ್ಸು ಆಗಲೇ ಬಜಾರ ಸೇರಿತ್ತು.

ಸೊಸೆ ಜಯಮಾಲಾಳಿಗೆ ಮಾತ್ರ ಆ ಕುರ್ಚಿಯ ಸುದ್ದಿ ಗಂಟಲಲ್ಲಿ ಸಿಕ್ಕ ತುತ್ತಾಯಿತು. ಅತ್ತೆಯ ಮೇಲೆ ಆಕೆಗೆ ಸಿಟ್ಟಿರಲಿಲ್ಲ, ಉಣಿಸಿ ಎರೆದು ನೋಡಿಕೊಂಡವಳೇ. ಅಂಜಿಕೆ ಮುದ್ದೇಬಿಹಾಳದ ಬೀಗರದು. ನಟ್ಟ ನಡು ಬಜಾರದಲ್ಲಿ ಗಾಲಿ ಕುರ್ಚಿ ಬರುವುದನ್ನು ಕಂಡು, ಈ ಮನೆಯಲ್ಲಿ ಯಾವ ರೋಗ ಐತೋ, ನಾಳೆ ಹುಡುಗಿಗೂ ಬಂದರೇನು ಗತಿ ಅಂದುಬಿಟ್ಟರೆ? ಆಡುವವರ ಬಾಯಿಗೆ ಮುಚ್ಚಳ ಹಾಕಲಾದೀತೇ? ಆಗದ ಮಾತಿಗೆ ಅಂಜಿ ಆಗುವ ಕೆಲಸ ಕೆಡಿಸುವುದರಲ್ಲಿ ಜಯಮಾಲಾ ಎತ್ತಿದ ಕೈ.

ಮರುದಿನ ಸಂಗಮೇಶ, "ಕುರ್ಚಿ ತರಿಸಿ ಅವ್ವನ್ನ ಕರ್ಕೊಂಡ ಬಾ" ಎಂದು ಹೆಂಡತಿಗೆ ಹೇಳಿ ಬೀಗರನ್ನು ಎದುರುಗೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋದ. ಗುರವ್ವ ನಸುಕಿನಲ್ಲೇ ಮೈ ತೊಳೆಸಿಕೊಂಡು, ಇಳಕಲ್ ಸೀರೆ ಉಡಿಸಿಕೊಂಡು, ವಿಭೂತಿ ಹಚ್ಚಿ ಸಿದ್ಧಳಾಗಿದ್ದಳು. ಜಯಮಾಲಾ ರಸೂಲಸಾಬನ ಅಂಗಡಿಯ ಕಡೆ ಹೋದಂತೆ ಮಾಡಿ, ಓಣಿಯ ಮೂಲೆಯಿಂದಲೇ ಮರಳಿದಳು.

"ಅತ್ತಿ, ಕುರ್ಚಿ ಇಲ್ಲಂತ್ರಿ. ದೇವರ ಹಿಪ್ಪರಗಿಯವರ್ಯಾರೋ ರೋಗಿಗಂತ ಒಯ್ದಾರಂತ."

ಗುರವ್ವನ ಮುಖ ಸಣ್ಣದಾಯಿತು. ಆದರೂ ಹೇಳಿದಳು: "ಹೋಗ್ಲಿ ಬಿಡವಾ. ರೋಗಿ ಮುಂದ ನಂದೇನ ಹೆಚ್ಚು? ಪಾಪ, ಲಗೂನ ಆರಾಮಾಗ್ಲಿ." ಇಲ್ಲದ ರೋಗಿಗಾಗಿ ಮುದುಕಿ ದೇವರಿಗೆ ಕೈ ಮುಗಿದಳು. ಜಯಮಾಲಾ ಮಗಳನ್ನು ಕರೆದುಕೊಂಡು ಹಿಂತಿರುಗಿ ನೋಡದೆ ನಡೆದಳು.

ಜವಳಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂಡುವಷ್ಟರಲ್ಲಿ ಬೀಗರು ಬಂದರು. ಎಲ್ಲರಿಗೂ ಮುಂದೆ ಮದುಮಗ ಅಮಿತ, ಅವನ ಬೆನ್ನ ಮೇಲೆ ಬಿಳಿಗೂದಲ ಮುದುಕಿ! ಅವನು ನಡು ಬಜಾರ ದಾಟಿ, ಮೆಟ್ಟಿಲು ಹತ್ತಿ, ಅಜ್ಜಿಯನ್ನು ಲೋಡಿಗೆ ಆನಿಸಿ ಕೂರಿಸಿದ.

"ನಮ್ಮ ಆಯಿಗಿ ಕಾಲಿಲ್ರಿ," ಬೆವರೊರೆಸಿಕೊಳ್ಳುತ್ತ ನಕ್ಕ, "ನಾನ ಆಕೀ ಟಾಂಗಾ."

ಆಯಿ ಸುತ್ತ ನೋಡಿದಳು. "ಎಲ್ಲಿ ನಮ್ಮ ಹಿರೇ ಬೀಗತಿ? ಆಕೀ ಮಾರಿ ನೋಡಾಕಂತನ ಹುಡುಗನ ಬೆನ್ನ ಮುರದ ಬಂದೇನಿ. ದೇವರ ಸೀರಿಗಿ ಇಬ್ರೂ ಕೂಡಿ ಕೈ ಹಚ್ಚೂಣು."

ಆಗಲೂ ಹೊತ್ತು ಮೀರಿರಲಿಲ್ಲ. ರಸೂಲಸಾಬನ ಅಂಗಡಿ ಕೂಗಳತೆಯಲ್ಲಿತ್ತು. ಎದ್ದು ಹೋಗಿ ಕುರ್ಚಿ ತಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಒಂದು ಸುಳ್ಳು ಆಡಿದ ನಾಲಿಗೆಗೆ ಎರಡನೆಯದು ಹಗುರ.

"ಅತ್ತಿಗಿ ಮೈಯಾಗ ಆರಾಮಿಲ್ರಿ," ಅಂದಳು ಜಯಮಾಲಾ.

"ಮುಂಜಾನಿ ಛಲೋ ಇದ್ಳಲ್ಲ?" ಸಂಗಮೇಶ ಹುಬ್ಬೇರಿಸಿದ. ಆಕೆ ಸೀರೆಗಳ ಕಡೆ ಮುಖ ತಿರುಗಿಸಿದಳು. ಗುರವ್ವ ಎತ್ತಬೇಕಾಗಿದ್ದ ಸೀರೆಯನ್ನು ಜಯಮಾಲಾಳೇ ಎತ್ತಿದಳು. ಇನ್ನೊಂದು ತುದಿ ಹಿಡಿದ ಆಯಿ, "ಆಕೀ ಇರಬೇಕಾಗಿತ್ತು" ಅಂದಳು. ಆಮೇಲೆ ಯಾವ ಸೀರೆ ಕೊಂಡರು, ಯಾವುದು ಬಿಟ್ಟರು, ಜಯಮಾಲಾಳಿಗೆ ನೆನಪೇ ಉಳಿಯಲಿಲ್ಲ.

ಬೀಗರನ್ನು ಬಸ್ಸು ಹತ್ತಿಸಿ ಮನೆಗೆ ಬಂದರೆ ಅಂಗಳದಲ್ಲಿ ಗಾಲಿ ಕುರ್ಚಿ. ಅದರ ಮೇಲೆ ಒಗೆದ ಚಾದರ ಹಾಸಿತ್ತು. ಕಾದು ಕಾದು ಯಾರೂ ಬರದಿದ್ದಾಗ ರಸೂಲಸಾಬ ತಾನೇ ತಳ್ಳಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಗುರವ್ವ ಹೊರಸಿನ ಮೇಲೆಯೇ ಇದ್ದಳು, ಅದೇ ಇಳಕಲ್ ಸೀರೆಯಲ್ಲಿ.

"ಹಿಪ್ಪರಗಿಯವರು ಈಗ ತಂದ ಕೊಟ್ರಂತವಾ," ಗುರವ್ವ ತಾನೇ ಮೊದಲು ಅಂದಳು. "ರೋಗಿ ಆರಾಮಾದನಂತ." ರಸೂಲಸಾಬ ತಲೆ ತಗ್ಗಿಸಿ ಟವೆಲ್ಲಿನ ಅಂಚು ಸುರುಳಿ ಸುತ್ತತೊಡಗಿದ.

"ನಿನಗ ಮೈ ಹೆಂಗೈತಿ ಅವ್ವಾ?" ಸಂಗಮೇಶ ಕೇಳಿದ.

ಗುರವ್ವ ಸೊಸೆಯ ಮುಖ ನೋಡಿದಳು. ಅಂಗಡಿಯಲ್ಲಿ ಸೊಸೆ ಆಡಿದ ಎರಡನೆಯ ಸುಳ್ಳೂ ಮುದುಕಿಗೆ ತಿಳಿದುಹೋಯಿತು. "ಈಗ ಆರಾಮೈತಪಾ" ಅಂದಳು.

ಬೈದಿದ್ದರೆ ಜಯಮಾಲಾಳಿಗೆ ಎಷ್ಟೋ ಪಾಡಿತ್ತು. ಎದುರು ಮಾತಾಡಿ, ಜಗಳಾಡಿ, ಅತ್ತು ಹಗುರಾಗಬಹುದಿತ್ತು. ಮುದುಕಿ ದೇವರ ಸೀರೆಯನ್ನು ಬೆರಳ ತುದಿಯಿಂದ ಮುಟ್ಟಿ, "ಛಲೋ ಐತಿ" ಎಂದು ಮಡಚಿ ಕೊಟ್ಟಳು.

ಮುಂದಿನ ಸಂತೆಯ ದಿನ ಜಯಮಾಲಾ ಯಾರಿಗೂ ಹೇಳದೆ ರಸೂಲಸಾಬನ ಅಂಗಡಿಗೆ ಹೋಗಿ, ಎಲ್ಲರೂ ಕಾಣುವಂತೆ ಕುರ್ಚಿಯನ್ನು ಮನೆಗೆ ತಳ್ಳಿಕೊಂಡು ಬಂದಳು.

"ಬರ್ರಿ ಅತ್ತಿ, ಮದುವಿ ಬಳಿ ತರೂಣು. ನಿಮ್ಮ ಕೈಲೇ ಆರಿಸ್ರಿ."

ಗುರವ್ವ ಕುರ್ಚಿಯ ಹಿಡಿಕೆಯನ್ನು ಸವರಿದಳು. "ಬ್ಯಾಡವಾ. ಯಾರರೆ ರೋಗಿಗಿ ಬೇಕಾಗಿರ್ತೈತಿ. ಕೊಟ್ಟ ಬಾ." ಆ ದನಿಯಲ್ಲಿ ಚುಚ್ಚು ಇರಲಿಲ್ಲ, ಆಸೆಯೂ ಉಳಿದಿರಲಿಲ್ಲ.

ಖಾಲಿ ಕುರ್ಚಿ ತಳ್ಳುತ್ತ ಜಯಮಾಲಾ ಬಜಾರಕ್ಕೆ ಮರಳಿದಳು. ಬಳೆಗಾರ ಬಾಬುಲಾಲ ಬಳೆ ಜೋಡಿಸುತ್ತಲೇ ಕೇಳಿದ, "ಯಾರಿಗಕ್ಕಾ ಕುರ್ಚಿ?"

"ನಮ್ಮತ್ತಿಗಿ!" ಜಯಮಾಲಾ ಇಡೀ ಬಜಾರಕ್ಕೆ ಕೇಳುವಂತೆ ಅಂದಳು.

ಯಾರೂ ತಿರುಗಿ ಸಹ ನೋಡಲಿಲ್ಲ.