ಒಂಬತ್ತನೆಯ ಕುಳಿಗೆ ಎರೆದ ಹಾಲು

ಸಾಹೇಬರ ಜೀಪು ಕಪ್ಪತಗುಡ್ಡದ ತಿರುವು ಏರುವ ಸದ್ದು ಕೇಳಿದಾಗ ಮಾರ್ತಾಂಡರಾಯರು ಒಂಬತ್ತನೆಯ ಕುಳಿಯ ಸುತ್ತಲಿನ ಮರಳನ್ನು ಮತ್ತೊಮ್ಮೆ ಸಾಪು ಮಾಡುತ್ತಿದ್ದರು. ಅದು ಆಳು ತಿರಕಪ್ಪನ ಕೆಲಸ. ಆದರೆ ಅಂದು ರಾಯರು ದೇವರ ಕೈಯಲ್ಲೂ ಕಸಬರಿಗೆ ಕೊಡುತ್ತಿರಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು, ಕುಳಿಯಲ್ಲಿ ಬಾವುಟದ ಕೋಲು ನಿಲ್ಲಿಸಿ, ಬಂಗಲೆಯ ಕಡೆ ಓಡಿದರು.

ಈ ಗಾಲ್ಫ್ ಮೈದಾನವನ್ನು ಮಾಡಿಸಿದವರು ಬೆಟಗೇರಿಯ ಹತ್ತಿ ಕಂಪನಿಯೊಂದರ ಬಿಳಿಯರು. ಕೆಳಗಿನ ಎರಿಭೂಮಿಯ ಕಾವು ತಾಳಲಾರದೆ ಗುಡ್ಡ ಹತ್ತಿ ಬಂದು, ಕೋಲಿನಿಂದ ಚೆಂಡು ಹೊಡೆದು, ಅದರ ಬೆನ್ನು ಹತ್ತಿ ನಡೆಯುತ್ತಿದ್ದರು. ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಕೆಡವಿದವನು ಗೆದ್ದ ಹಾಗೆ. ಹೀಗೆ ಒಂಬತ್ತು ಕುಳಿಗಳು. ಇಷ್ಟಕ್ಕೆ ಆ ಜನ ಅಷ್ಟೊಂದು ಸಿಟ್ಟು, ಅಷ್ಟೊಂದು ಸಂತೋಷ ಯಾಕೆ ಪಡುತ್ತಿದ್ದರೋ! ಸ್ವರಾಜ್ಯ ಬಂದ ಮೇಲೆ ಅವರು ಗಂಟುಮೂಟೆ ಕಟ್ಟಿದರು. ಮರುವರ್ಷ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಸಂಸ್ಥಾನಗಳೂ ಮುಂಬೈ ಸರಕಾರದಲ್ಲಿ ಸೇರಿಹೋದವು. ಗುಡ್ಡದ ಮೇಲಿನ ಈ ಜಾಗ ಇನ್ನು ಯಾರದು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅರಣ್ಯದವರು ತಮಗೆ ಬೇಕು ಎನ್ನುತ್ತಿದ್ದರು. ಇದನ್ನು ತೀರ್ಮಾನಿಸಲು ಸರಕಾರದಿಂದ ಬಂದ ಅಧಿಕಾರಿಯೇ ದೇವೇಂದ್ರಪ್ಪ ಸಾಹೇಬರು.

ಮೈದಾನ ಉಳಿದರೆಷ್ಟು, ಹೋದರೆಷ್ಟು? ರಾಯರಿಗೆ ಗಾಲ್ಫಿನ ಮೇಲೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಅವರಿಗೆ ಬೇಕಾದದ್ದು ಬಂಗಲೆಯ ಹಿಂದಿನ ಎರಡು ಕೋಣೆಯ ಮನೆ, ಅದಕ್ಕಿಂತ ಹೆಚ್ಚಾಗಿ ಆ ಮನೆಗೆ ಬೀಸುವ ಗಾಳಿ. ಹೆಂಡತಿ ಯಮುನಾಬಾಯಿಗೆ ಉಬ್ಬಸ. ಬೆಟಗೇರಿಯಲ್ಲಿ ಅವರ ಮನೆಯ ಸುತ್ತ ಹತ್ತಿಯ ಬೀಜ ಬಿಡಿಸುವ ಜಿನ್ನುಗಳು. ಸುಗ್ಗಿ ಬಂತೆಂದರೆ ಅರಳೆಯ ದೂಳು ಅನ್ನದ ಮೇಲೂ ಕೂರುತ್ತಿತ್ತು. ಒಂದು ಸಂಜೆ ಆಕೆ ತುಟಿ ನೀಲಿಗಟ್ಟಿ ಗೋಡೆ ಹಿಡಿದು ಕುಸಿದಾಗ ಡಾಕ್ಟರರು, "ಇನ್ನೊಂದು ಸುಗ್ಗಿ ಇಲ್ಲಿ ಕಳದ್ರ ಈ ಜೀವಾ ಉಳಿಯೂದಿಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಕಂಪನಿಯಲ್ಲಿ ಗುಮಾಸ್ತರಾಗಿದ್ದ ರಾಯರು ಬಿಳಿಯ ದೊರೆಯ ಕಾಲು ಹಿಡಿದಷ್ಟು ಮಾಡಿ ಈ ಮೈದಾನದ ಉಸ್ತುವಾರಿಯನ್ನೂ ಅದರ ಜೊತೆ ಆ ಮನೆಯನ್ನೂ ಸಂಪಾದಿಸಿಕೊಂಡರು. ಮೇಲೆ ಬಂದ ಮೇಲೆ ಯಮುನಾಬಾಯಿ ಮಲಗಿ ನಿದ್ದೆ ಮಾಡಿದಳು. ಅದಕ್ಕೂ ಮುಂಚೆ ವರ್ಷಗಟ್ಟಲೆ ಕೂತೇ ನಿದ್ದೆ ಮಾಡಿದವಳು ಆಕೆ.

ಸಾಹೇಬರು ಬರಲು ಗೊತ್ತಾದ ದಿನ ನಾಗರಪಂಚಮಿ. ಹಿಂದಿನ ದಿನ ಯಮುನಾಬಾಯಿ ಅಳುಕುತ್ತಲೇ ಕೇಳಿದ್ದಳು.

"ನಾಗಪ್ಪಗ ಹಾಲು ಎರೀಬೇಕಲ್ರಿ. ಹುತ್ತದ ತನಕಾ ಒಬ್ಬಾಕಿ ಹ್ಯಾಂಗ ಏರ್ಲಿ? ಪ್ರತಿ ವರ್ಷ ನೀವ ಕೈ ಹಿಡದು ಕರಕೊಂಡು ಹೋಗ್ತೀರಿ."

"ಈ ವರ್ಷ ಬಿಡು ಮಾರಾಯ್ತಿ. ನಾಳೆ ನನಗ ಉಸಿರು ಬಿಡ್ಲಿಕ್ಕೂ ಪುರಸೊತ್ತಿಲ್ಲ."

ಆಕೆಯ ಮುಖ ಸಣ್ಣದಾದದ್ದು ಕಂಡು ನಗಿಸಲೆಂದು ರಾಯರು, "ನಿನ್ನ ನಾಗಪ್ಪ ಹುತ್ತಾ ಬಿಟ್ಟು ನಮ್ಮ ಒಂಬತ್ತನೇ ಕುಣಿಗೆ ಬಿಡಾರ ಬದಲಿಸ್ಯಾನ. ಮೊನ್ನೆ ತಿರಕಪ್ಪ ಕೋಲು ಎತ್ತಿದ್ರ ಒಳಗ ಸುರುಳಿ ಸುತ್ತಿ ಕೂತಿದ್ದ!" ಎಂದಿದ್ದರು. ಅದು ನಿಜವೇ. ಮಳೆಗೆ ಹೆದರಿದ ಹಾವೊಂದು ಕುಳಿಯೊಳಗೆ ಸೇರಿಕೊಂಡಿತ್ತು. ಯಮುನಾಬಾಯಿ ನಗಲಿಲ್ಲ. ಒಂಬತ್ತನೆಯ ಕುಳಿ ಇದ್ದದ್ದು ಮನೆಯ ಅಂಗಳದಿಂದ ನಾಲ್ಕು ಹೆಜ್ಜೆಯಾಚೆ.

ದೇವೇಂದ್ರಪ್ಪನವರು ಸೊರಟೂರ ಕಡೆಯ ಜಮೀನುದಾರರ ಮಗ, ಪುಣೆಯಲ್ಲಿ ಓದಿ ಸಾಹೇಬರಾದವರು. ಒಳ್ಳೆಯ ಮನುಷ್ಯ. ಮುಂದೆ ಆದದ್ದಕ್ಕೆಲ್ಲ ಅವರ ಒಳ್ಳೆಯತನವೇ ಮೂಲವಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಹೇಗಾದರೂ ಒಲಿಸಿಕೊಳ್ಳಬಹುದಿತ್ತು.

"ರಾಯರ, ಒಂದು ಸುತ್ತು ಆಡೋಣು. ಆಡಿದ ಮ್ಯಾಲೆ ಈ ಜಾಗಾ ಇಡಬೇಕೋ ಬಿಡಬೇಕೋ ಹೇಳ್ತೀನಿ" ಎಂದರು. ಕೋಲು ಎತ್ತಿದವರು ಯಾಕೋ ತಡೆದು ನಕ್ಕರು. "ಕಚೇರಿ ಸೂಟಿ ಅಂತ ಇವತ್ತ ಬಂದೆ. ಅವ್ವಗ ಹೇಳಿಲ್ಲ ಮತ್ತ. ಪಂಚಮಿ ದಿನ ನೆಲಾ ಅಗೀಬಾರದು, ಕುರಪಿ ಸೈತ ಮುಟ್ಟಬಾರದು ಅಂತಾಳ ಆಕಿ."

ಹಾಗೆಂದು ಬೀಸಿದರು. ಚೆಂಡಿಗಿಂತ ಮಣ್ಣೇ ಹೆಚ್ಚು ದೂರ ಹೋಯಿತು.

 ಸಾಹೇಬರ ಎದುರು ಸೋಲಬೇಕೆಂದು ರಾಯರು ಮೊದಲೇ ನಿಶ್ಚಯಿಸಿಕೊಂಡಿದ್ದರು. ಸೋತದ್ದು ಬೇಕೆಂದೇ ಸೋತದ್ದೆಂದು ತಿಳಿಯಬಾರದು, ಅಷ್ಟೆ. ಆದರೆ ಇಷ್ಟು ಕೆಟ್ಟದಾಗಿ ಆಡುವವರ ಎದುರು ಮರ್ಯಾದೆಯಿಂದ ಸೋಲುವುದು ಹೇಗೆ? ರಾಯರು ಚೆಂಡನ್ನು ಬಂದರಿಕೆ ಪೊದೆಗೆ ಹೊಡೆದರು, ಹಳ್ಳಕ್ಕೆ ಹೊಡೆದರು, ಒಮ್ಮೆ ತಮ್ಮ ಕಾಲಿಗೇ ಹೊಡೆದುಕೊಂಡರು. ಕೋಲುಗಳ ಚೀಲ ಹೊತ್ತ ತಿರಕಪ್ಪ ಒಡೆಯನನ್ನು ಕನಿಕರದಿಂದ ನೋಡಿದ. "ಏನಾಗೇತ್ರಿ ನಿಮಗ ಇವತ್ತ?" ಎಂದು ಮೆಲ್ಲಗೆ ಕೇಳಿಯೂ ಕೇಳಿದ. "ಬಾಯಿ ಮುಚ್ಚು" ಎಂದರು ರಾಯರು. ಅವರಿಗೆ ನಗುವ ತ್ರಾಣವಿರಲಿಲ್ಲ. ಪ್ರತಿ ಹೊಡೆತಕ್ಕೂ ಒಳಗೊಳಗೇ ಹೆಂಡತಿಯ ಉಸಿರು ಎಣಿಸುತ್ತಿದ್ದರು.

ಎಂಟನೆಯ ಕುಳಿ ಗುಡ್ಡದ ನೆತ್ತಿಯ ಮೇಲೆ. ಶ್ರಾವಣದ ಜಿಟಿಜಿಟಿ ನಿಂತು, ಮೋಡ ಸರಿದು, ಕೆಳಗೆ ಮುಂಡರಗಿಯ ದಾರಿಯೂ ದೂರದಲ್ಲಿ ಹೊಳೆಯ ಬಿಳಿ ಗೆರೆಯೂ ಕಂಡವು. ಇಳಿಜಾರಿನ ತುಂಬ ತಂಗಟಿ ಹಳದಿ ಹೂ ಬಿಟ್ಟಿತ್ತು. ಇಬ್ಬರ ಲೆಕ್ಕವೂ ಸರಿಸಮವಾಗಿತ್ತು, ಸಾಹೇಬರ ಮುಖ ಅರಳಿತ್ತು. ಅವರು ಉಸಿರು ತುಂಬಿಕೊಂಡು, "ಇಂಥಾ ಗಾಳಿ ಎಲ್ಲಿ ಸಿಗತೈತ್ರಿ? ಇದನ್ನ ಬಿಡಬಾರದು. ಬಂಗಲಿ ಸರಕಾರಿ ವಿಶ್ರಾಂತಿಗೃಹ ಆಗಲಿ, ಮೈದಾನ ಇರಲಿ, ನೋಡಿಕೊಳ್ಳಾಕ ನೀವ ಇರ್ರಿ" ಎಂದರು.

ರಾಯರು ಕಣ್ಣು ತುಂಬಿ ಬಂದದ್ದನ್ನು ಗಾಳಿಯ ಮೇಲೆ ಹಾಕಿ ಒರೆಸಿಕೊಂಡರು.

ಇನ್ನು ಒಂದೇ ಕುಳಿ. ಅದರಲ್ಲಿ ಸಾಹೇಬರು ಗೆದ್ದುಬಿಟ್ಟರೆ ಆಯಿತು. ದಿನ್ನೆ ದಾಟಿ ಇಳಿಯುವಾಗ ಒಂಬತ್ತನೆಯ ಬಾವುಟ ಕಾಣಲಿಲ್ಲ. ಗಾಳಿಗೆ ಬಿದ್ದಿರಬೇಕು ಎಂದುಕೊಂಡ ರಾಯರು ತಮ್ಮ ಚೆಂಡನ್ನು ಮನಸಾರೆ ತಂಗಟಿ ಪೊದೆಗೆ ಅಟ್ಟಿ, ಹುಡುಕುವ ನಾಟಕಕ್ಕೆ ಹೊರಟರು. ತಿರುಗಿ ಬರುವಷ್ಟರಲ್ಲಿ ಸಾಹೇಬರು ಮರಳಿನ ಮೇಲೆ ಕೊನೆಯ ಹೊಡೆತ ಹೊಡೆದಾಗಿತ್ತು. ಚೆಂಡು ನೆಟ್ಟಗೆ ಉರುಳುತ್ತ ಕುಳಿಯ ಬಾಯಿಗೇ ಹೋಯಿತು.

ಆದರೆ ಒಳಗೆ ಬೀಳಲಿಲ್ಲ. ಮೇಲೆಯೇ ಕೂತಿತು.

ಸಾಹೇಬರು ಬಗ್ಗಿ ನೋಡಿದರು. ರಾಯರು ಓಡಿ ಬಂದು ನೋಡಿದರು. ಕುಳಿ ಬಾಯಿಮಟ ತುಂಬಿತ್ತು. ಅರಳು, ತಂಬಿಟ್ಟು, ನೆನೆದ ಕಡಲೆ, ಅರಿಷಿಣ ಹಚ್ಚಿದ ಹಂಗನೂಲು, ಒಂದು ಕೇದಿಗೆಯ ಎಸಳು. ಎರೆದ ಹಾಲು ಸುತ್ತಲಿನ ಮರಳಿಗೆ ಇಳಿದಿತ್ತು. ಬಾವುಟದ ಕೋಲನ್ನು ಯಾರೋ ಭಕ್ತಿಯಿಂದ ಪಕ್ಕಕ್ಕೆ ಮಲಗಿಸಿ, ಅದಕ್ಕೂ ಕುಂಕುಮ ಹಚ್ಚಿದ್ದರು.

ದೇವೇಂದ್ರಪ್ಪನವರ ಕೋಲು ಕೆಳಗೆ ಬಿತ್ತು. ಹಿಂದೆ ಸರಿದು, ಹ್ಯಾಟು ತೆಗೆದು, ನಿಂತಲ್ಲೇ ಬೂಟು ಕಳಚಿ ಕೈಮುಗಿದರು.

"ಎಂಥಾ ಪಾಪಾ ಮಾಡಿದ್ನಿ! ಮುಂಜಾನಿಂದ ನೆಲಾ ಕೆತ್ತಾಕ ಹತ್ತೀನಿ. ಪಂಚಮಿ ದಿನ, ನಾಗಪ್ಪನ ಜಾಗಾದಾಗ!"

"ಸಾಹೇಬ್ರ, ಇದು ಹುತ್ತಲ್ರಿ, ಆಟದ ಕುಣಿ. ಬಿಳೇರು ತೋಡಿಸಿದ್ದು."

"ಹಾಲು ಎರದವರು ಯಾರು?"

ಒಂದು ಸುಳ್ಳು ಸಾಕಿತ್ತು. ಯಾರೋ ದನ ಕಾಯುವ ಹೆಂಗಸು ಎಂದಿದ್ದರೂ ನಡೆಯುತ್ತಿತ್ತೋ ಏನೋ. ರಾಯರಿಗೆ ಹೊಳೆಯಲಿಲ್ಲ. "ನಮ್ಮಾಕಿನ ಇರಬೇಕ್ರಿ. ತಿಳಿಯದ ಮಾಡ್ಯಾಳ. ಮೊನ್ನೆ ಇದರಾಗ ಹಾವು ಕೂತಿತ್ತು ಅಂತ ನಾನ ಚೇಷ್ಟಿ ಮಾಡಿದ್ದೆ."

"ಅಂದ್ರ ಹಾವು ಖರೇನ ಇತ್ತು!" ಸಾಹೇಬರು ಗಲ್ಲ ಗಲ್ಲ ಬಡಿದುಕೊಂಡರು. "ನಿಮ್ಮ ಮನಿಯವ್ರಿಗೆ ತಿಳದೈತಿ, ನಿಮಗ ತಿಳದಿಲ್ಲ. ನನ್ನ ಚೆಂಡು ಒಳಗ ಬೀಳಲಿಲ್ಲಲ್ಲ, ಅದ ಆತನ ಮಾತು. ಆತು, ಇನ್ನ ಇಲ್ಲಿ ಬೂಟಿನ ಕಾಲು ಬೀಳಬಾರದು. ಅರಣ್ಯದವರಿಗೆ ಬಿಟ್ಟುಕೊಡೋಣು. ಗಿಡಾ ಬೆಳೀಲಿ, ನಾಗಪ್ಪ ತಣ್ಣಗ ಇರಲಿ."

ರಾಯರು ಹಾಲಿನ ಮರಳ ಮೇಲೆಯೇ ಮೊಣಕಾಲೂರಿದರು. ಐವತ್ತರ ಹತ್ತಿರದ ಮನುಷ್ಯ, ಆಳಿನ ಎದುರಿಗೆ. "ಆಟ ಬ್ಯಾಡ್ರಿ. ಬಂಗಲೀನೂ ಬ್ಯಾಡ್ರಿ. ಹಿಂದಿನ ಆ ಎರಡು ಖೋಲಿ ಮನಿ ಅಷ್ಟ ಬಿಡ್ರಿ. ಕಾವಲು ಕಾಯ್ಕೊಂಡು ಬಿದ್ದಿರ್ತೀನಿ. ಆಕಿಗೆ ಉಬ್ಬಸರಿ. ಕೆಳಗ ಹೋದ್ರ ಆಕಿ ಉಳಿಯೂದಿಲ್ಲ."

ಸಾಹೇಬರು ಅವರನ್ನು ಹಿಡಿದೆತ್ತಿದರು. ಅವರ ಕಣ್ಣಲ್ಲೂ ನೀರಿತ್ತು. "ಹುಚ್ಚರೇನು ನೀವು? ನಾಗಪ್ಪನ ಬಾಜೂಕ ಸಂಸಾರ ಮಾಡ್ತಾರೇನು? ಮುಟ್ಟು ಮೈಲಿಗಿ ಆಗಿ ಏನರ ಆತಂದ್ರ ಅದು ಆ ತಾಯಿಗೇ ತಟ್ಟತೈತಿ. ಬೆಟಗೇರಿ ಕಚೇರಿಯೊಳಗ ನಾ ನಿಮಗ ನೌಕರಿ ಕೊಡಸ್ತೀನಿ, ಮನೀ ಬಾಗಲಕ್ಕ. ಇಷ್ಟು ಭಕ್ತಿಯಿಂದ ಹಾಲು ಎರದಾಳ, ಆತ ಕೈ ಬಿಡ್ತಾನೇನು ಆಕೀನ?"

  ಜೀಪು ಹೊರಟಾಗ ಸಾಹೇಬರು ಬರಿಗಾಲಲ್ಲೇ ಹತ್ತಿದರು, ಬೂಟು ಮಡಿಲಲ್ಲಿತ್ತು.

ತಿರಕಪ್ಪ ಚೆಂಡು ತೆಗೆಯಲೆಂದು ಬಗ್ಗಿದ. "ಬಿಡು" ಎಂದರು ರಾಯರು. ಸಿಟ್ಟು ಉಕ್ಕುತ್ತಿತ್ತು, ಆದರೆ ಯಾರ ಮೇಲೆ? ಕೈ ಹಿಡಿದು ಹುತ್ತಕ್ಕೆ ಕರೆದೊಯ್ಯಲು ಅರ್ಧ ಗಳಿಗೆ ಕೊಡದೆ ಹೋದವರು ತಾವೇ. ಬಾಯಿ ತೀಟೆಗೆ ಚೇಷ್ಟೆ ಮಾಡಿದವರೂ ತಾವೇ.

ಯಮುನಾಬಾಯಿ ಅಂಗಳಕ್ಕೆ ಬಂದಿದ್ದಳು. ಹಸಿರು ಇಳಕಲ್ಲ ಸೀರೆ ಉಟ್ಟು, ಕೈಯಲ್ಲಿ ತಂಬಿಟ್ಟಿನ ತಾಟು ಹಿಡಿದಿದ್ದಳು.

"ಕಿಡಿಕ್ಯಾಗಿಂದ ನೋಡಿದ್ನಿ. ಸಾಹೇಬ್ರು ಬೂಟು ತಗದು ಕೈ ಮುಗದ್ರು! ಹುತ್ತದ ತನಕಾ ಹೋಗಾಕ ಆಗಲಿಲ್ಲ ಅಂತ ನಿನ್ನಿಯಿಂದ ಒದ್ದಾಡಿದ್ದೆ. ನೀವ ಹೇಳಿದ್ರಲ್ಲ, ಆತ ಇಲ್ಲೇ ಬಂದಾನ ಅಂತ. ಈ ಗುಡ್ಡಾ ಬಿಡಸಬ್ಯಾಡಪ್ಪ ಅಂತ ಬೇಡಿಕೊಂಡೆ." ಆಕೆ ತಡೆದು ಗಂಡನ ಮುಖ ನೋಡಿದಳು. "ಕೆಲಸಾ ಆತಲ್ಲರಿ?"

ರಾಯರು ಆಕೆಯ ಎದೆಯನ್ನು ನೋಡುತ್ತಿದ್ದರು. ಇಷ್ಟು ಮಾತಾಡಿದರೂ ಆಕೆಗೆ ದಮ್ಮು ಹತ್ತಿರಲಿಲ್ಲ. ಉಸಿರು ಸದ್ದಿಲ್ಲದೆ ಹೋಗಿ ಬರುತ್ತಿತ್ತು.

"ಆತು" ಎಂದರು.

ಆಕೆ ನಕ್ಕು ತಂಬಿಟ್ಟಿನ ಉಂಡೆಯೊಂದನ್ನು ಅವರ ಕೈಗಿಟ್ಟಳು. ಮತ್ತೆ ಮೋಡ ಕವಿದು ಗಾಳಿ ಜೋರಾಯಿತು. ಸೆರಗು ಹೊದ್ದುಕೊಂಡು ಒಳಗೆ ಹೊರಟವಳ ಕೈ ಹಿಡಿದು ರಾಯರು ಕಟ್ಟೆಯ ಮೇಲೆ ಕೂಡಿಸಿದರು.

"ಒಳಗ ಹೋಗಬ್ಯಾಡ. ಇನ್ನೊಂದಿಷ್ಟು ಹೊತ್ತು ಇಲ್ಲೇ ಕೂಡು" ಎಂದರು.