ಮೇಷ್ಟ್ರ ಫೈಲು

ಅಕ್ಕ ಸಿಂಕಿನಲ್ಲಿ ಮೂರನೆಯ ಲೋಟ ತೊಳೆಯುತ್ತಿದ್ದಾಗ ಒಳಗಿನಿಂದ ಉದ್ದಣ್ಣನ ದನಿ ಬಂತು. "ಅಕ್ಕಾ, ಶುರುವಾಯ್ತು ನೋಡಿ ಅತ್ತೆಮ್ಮನ ಗೊಣಗಾಟ!"

ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕೊಡುವ ಎಚ್ಚರಿಕೆಗಳಿಗೆ ಆ ಕೋಣೆಯವರು ಇಟ್ಟ ಹೆಸರು ಅದು. ಲಿಫ್ಟು ನಡೆಸುವ ಪುಟ್ಟ ಚಿಪ್ಪಿಗೆ ಅವರು ಪ್ರೋಗ್ರಾಂ ಬರೆಯುತ್ತಿದ್ದರು. ಅದರ ಅರವತ್ತು ಫೈಲುಗಳೂ ಎಲ್ಲಕ್ಕೂ ಬೇಕಾದ ವಿವರಗಳಿದ್ದ ಒಂದೇ ಹೆಡರ್ ಫೈಲನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿದ್ದವು. ಹೆಡರಿನಲ್ಲಿದ್ದ ಹನ್ನೊಂದು ತಕರಾರುಗಳನ್ನು ಕಂಪೈಲರ್ ಅರವತ್ತು ಸಲವೂ ಹೇಳುತ್ತಿತ್ತು. ಯಾರೂ ಓದುತ್ತಿರಲಿಲ್ಲ. ಪರದೆ ಸರಸರನೆ ಓಡಿ ನಿಲ್ಲುವ ತನಕ ಒಬ್ಬರು ಲೋಟ ತೊಳೆಯುವರು, ಒಬ್ಬರು ಕಾಲು ಚಾಚುವರು.

ಆದರೆ ನಿನ್ನೆ ಪರೀಕ್ಷೆಯ ಲಿಫ್ಟು ಮಹಡಿಗಿಂತ ಒಂದು ಗೇಣು ಕೆಳಗೆ ನಿಂತಿತ್ತು. ಹುಡುಕಿದರೆ, ಉದ್ದಣ್ಣ ತನ್ನ ಫೈಲಿನಲ್ಲಿ ದೊಡ್ಡ ಸಂಖ್ಯೆಯೊಂದನ್ನು ಚಿಕ್ಕ ಜಾಗಕ್ಕೆ ತುರುಕಿದ್ದ. ಕಂಪೈಲರ್ ಅದನ್ನೂ ಹೇಳಿತ್ತು, ಆರುನೂರ ಅರವತ್ತು ಗೊಣಗಾಟಗಳ ನಡುವೆ ಒಂದೇ ಒಂದು ಸಲ.

"ಎಲ್ಲದರ ಬಾಯಿ ಮುಚ್ಚಿಸಿಬಿಡೋಣ ಅಕ್ಕ, ಒಂದೇ ಸಾಲಿನ ಕೆಲಸ" ಎಂದ ಉದ್ದಣ್ಣ.

"ನಿನ್ನ ತಪ್ಪು ಹೇಳಿದ ಬಾಯನ್ನೂನಾ?"

ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ಮೇಷ್ಟ್ರ ಫೈಲೇ ತಿದ್ದಬೇಕು. ಅವರಿಗೆ ಹೇಳೋರು ಯಾರು? ನಾನಂತೂ ಅಲ್ಲಪ್ಪಾ."

ಹೆಡರ್ ಬರೆದವರು ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾದರೂ ಅದು ಅವರದೇ. ಬೇರೆ ಮೂರು ಕಾರ್ಖಾನೆಗಳೂ ಬಳಸುವ ಫೈಲಾದ್ದರಿಂದ, ಕಾಗದದ ಪ್ರತಿಯ ಮೇಲೆ ಅವರು ಪೆನ್ಸಿಲಿನಲ್ಲಿ ತಿದ್ದಿ ಸಹಿ ಹಾಕದೆ ಯಾರೂ ಒಂದಕ್ಷರ ಮುಟ್ಟುವಂತಿರಲಿಲ್ಲ.

ಅಕ್ಕ ಕೆಲಸಕ್ಕೆ ಸೇರಿದಾಗ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದವಳು. ಊಟದ ಬಿಡುವಿನಲ್ಲಿ ಮೇಷ್ಟ್ರು ಪಕ್ಕಕ್ಕೊಂದು ಸ್ಟೂಲು ಎಳೆದು, ಕೂರಿಸಿಕೊಂಡು ಕಲಿಸಿದರು. ಅಂಚಿನುದ್ದಕ್ಕೂ ತೂತುಗಳಿದ್ದ ಪ್ರಿಂಟರ್ ಕಾಗದವನ್ನು ಮೊಣಕಾಲ ಮೇಲೆ ಹರಡಿ, ಎಚ್ಚರಿಕೆಗಳನ್ನು ಹಾಜರಿ ಕರೆದ ಹಾಗೆ ಗಟ್ಟಿಯಾಗಿ ಓದಿಸುವರು. "ಅದು ಏನು ಹೇಳ್ತು ಅಂತ ಪೂರ್ತಿ ಕೇಳಮ್ಮ. ಬೈಸಿಕೊಂಡ್ರೆ ಯಾರೂ ಸವೆದುಹೋಗಲ್ಲ." ಒಂದೂ ಉಳಿಯದ ದಿನ ಇಬ್ಬರಿಗೂ ಚಹಾ ತರಿಸುವರು. "ನನ್ನ ಫೈಲಿಗೆ ಮಾತ್ರ ಅದು ತುಟಿ ಪಿಟಕ್ ಅನ್ನಲ್ಲ" ಎಂದು ಮೀಸೆಯಲ್ಲೇ ನಗುವರು. ನಿಜವೇ, ಆಗಿನ ಕಂಪೈಲರ್ ಅನ್ನುತ್ತಿರಲಿಲ್ಲ. ಹೊಸದು ಬಂದ ಮೇಲೆ ಶುರುವಾಯಿತು.

ಎರಡು ವರ್ಷದ ಹಿಂದೆಯೇ ಅವರಿಗೊಂದು ಕಾಗದ ಬರೆದಿದ್ದಳು. ಆ ನಗು ನಿಂತುಹೋಗುವುದನ್ನು ನೆನೆನೆನೆದು, ನಾಳೆ ನಾಳೆ ಎಂದು ಹಾಗೇ ಇಟ್ಟಿದ್ದಳು. ಈಗ ತೆಗೆದು ಓದಿದರೆ ಮೂರು ಪುಟದ ತುಂಬ ಕುಶಲ, ಕ್ಷಮೆ. ವಿಷಯ ಬರುವುದು ಕೊನೆಯ ಎರಡು ಸಾಲಿನಲ್ಲಿ. ಅದನ್ನು ಬದಿಗಿಟ್ಟು ಹೊಸದಾಗಿ ಬರೆದಳು. ಲಿಫ್ಟು ಎಲ್ಲಿ ನಿಂತಿತು ಎಂಬುದು ಮೊದಲು. ಆಮೇಲೆ ಹನ್ನೊಂದು ತಕರಾರು, ಒಂದೊಂದಾಗಿ. 'ಚಿಕ್ಕಪುಟ್ಟ' ಎಂದು ಬರೆದದ್ದನ್ನು ಹೊಡೆದುಹಾಕಿದಳು. ತಿದ್ದಲೆಂದು ಹೆಡರಿನ ಪ್ರತಿಯನ್ನೂ ಜೊತೆಗಿಟ್ಟಳು.

ಅಂಚೆ ಕಚೇರಿಯ ಹೆಂಗಸು ಲಕೋಟೆಯನ್ನು ತೂಗಿದಳು. "ಇಷ್ಟು ದಪ್ಪಗಿದೆಯಲ್ಲಮ್ಮ, ಪುಸ್ತಕವಾ?"

"ಇಲ್ಲಮ್ಮ, ದೂರು."

"ಅಯ್ಯೋ, ಯಾರ ಮೇಲೆ?"

ಅಕ್ಕ ವಿಳಾಸವನ್ನು ಇನ್ನೊಮ್ಮೆ ನೋಡಿದಳು. ಹೆಂಗಸು ಠಪ್ಪೆಂದು ಮುದ್ರೆ ಒತ್ತಿ, ಹಿಂದಕ್ಕೆ ತಿರುಗಿಯೂ ನೋಡದೆ ಲಕೋಟೆಯನ್ನು ಚೀಲಕ್ಕೆ ಎಸೆದಳು. ಚೀಲದ ಬಾಯಿ ಇನ್ನೂ ಕಟ್ಟಿರಲಿಲ್ಲ, ಬೇಕೆಂದರೆ ವಾಪಸು ಕೇಳಬಹುದಿತ್ತು. ಅಕ್ಕ ಪಕ್ಕಕ್ಕೆ ಸರಿದು, ಹಿಂದಿದ್ದವರಿಗೆ ದಾರಿ ಬಿಟ್ಟಳು.